ಚೂಡಿ

ಪೈಪಿನ ಹಲ್ಲಿಗೆ ನಮ್ಮ ರಾಯಚೂರಾಗ ಚೂಡಿ ಅಂತಾರ.
ಚೂಡಿ ಅಂದರ ಬಳಿ.
ತೀನ್ ಕಂದೀಲಿನ ಹತ್ರ ಗಾಡಿ ಮ್ಯಾಲೆ
ಅವ್ವ ಮಾರತಾಳಲ್ಲ, ಗಾಜಿಂದು, ಅದೇ.

ಅವ್ವಗ ಅಳತಿಪಟ್ಟಿ ಬ್ಯಾಡ.
ಬಂದಾಕಿ ಕೈ ಹಿಡಿದು, ಹೆಬ್ಬೆರಳ ಬುಡ ಒಮ್ಮೆ ಒತ್ತಿ
ಎರಡು-ನಾಲ್ಕು ಅಂತಾಳ, ಇಲ್ಲ ಎರಡು-ಆರು.
ನಾ ಕಲಿಯಾಕ ಹೋದದ್ದು ಬ್ಯಾರೆ ಲೆಕ್ಕ:
ಅರ್ಧ ಇಂಚು, ಮುಕ್ಕಾಲು, ಒಂದು.

ಮೊದಲನೆ ದಿನ ಟೇಪ್ ಹಿಡಿದು ಅರ್ಧ ಇಂಚಿನ ಪೈಪು ಅಳದೆ.
ಹೊರಗ ಅಳದರ ಮುಕ್ಕಾಲು ದಾಟಿತು,
ಒಳಗ ಅಳದರ ಅರ್ಧಕ್ಕೂ ಮಿಕ್ಕಿತು.
ಎಲ್ಲೂ ಇಲ್ಲದ ಅರ್ಧ ಇಂಚು.
ಚಾಂದಪಾಶಾ ಉಸ್ತಾದ ಬಾಯಾಗಿನ ಅಡಿಕಿ ಪಕ್ಕಕ್ಕ ಸರಿಸಿ ನಕ್ಕ:
"ಅದು ಹೆಸರು, ಬೇಟಿ. ಅಳತಿ ಅಲ್ಲ.
ನಿನ್ನ ಹೆಸರು ಹುಲಿಗೆಮ್ಮ. ಎಲ್ಲಿ, ಹುಲಿ ತೋರಸು?"

ಎಣ್ಣಿ ಹಾಕಿ ಡೈ ತಿರುವೋದು ಅವತ್ತೇ ಕಲಿಸಿದ.
ಅರ್ಧ ಸುತ್ತು ಮುಂದ, ಕಾಲು ಸುತ್ತು ಹಿಂದ.
ಕಬ್ಬಿಣದ ಸಿಪ್ಪಿ ಸುರುಳಿ ಸುರುಳಿ ಬಿದ್ದು
ಪೈಪಿನ ಮೂತಿಗೆ ಒಂದೊಂದೇ ಚೂಡಿ ಏರತಿತ್ತು,
ತುದಿಗೆ ಸಣ್ಣಗ, ಹಿಂದಹಿಂದಕ್ಕ ದಪ್ಪಗ,
ಮದಿವಿ ಕೈಗೆ ಬಳಿ ಮೊಣಕೈ ಮಟ ಏರಿದಂಗ.

ಗಂಡು ಚೂಡಿ ಹೊರಗ, ಹೆಣ್ಣು ಚೂಡಿ ಒಳಗ.
ಎರಡು ಗಂಡು ಕೂಡಸಾಕ ಸಾಕೆಟ್,
ಎರಡು ಹೆಣ್ಣು ಕೂಡಸಾಕ ನಿಪ್ಪಲ್.
ಅಂಗಡ್ಯಾಗ ಬಾಯಿಬಿಟ್ಟು ಇದನ್ನ ಕೇಳಿದರ
ಬಾಜೂ ನಿಂತ ಗಿರಾಕಿಗಳು ಕೆಮ್ಮತಿದ್ದರು.
ನಾ ಇನ್ನೂ ಜೋರಾಗಿ ಕೇಳತಿದ್ದೆ,
ಅರ್ಧ ಡಜನ್ ಕೊಡ್ರಿ, ಅಂತ.

ಸೆಣಬು ಸುತ್ತೋದು ಚೂಡಿ ಓಡೋ ಕಡಿಗೇ.
ಉಲ್ಟಾ ಸುತ್ತಿದರ ಸಾಕೆಟ್ ಅದನ್ನ ಗಡ್ಡ ಮಾಡಿ ಹೊರಗ ತಳ್ಳತದ.
ಮೂರು ಸುತ್ತು ಕೈಲೆ. ಆಮ್ಯಾಲ ಪಾನಾ.
ಕೈಗೆ ಒಲ್ಲೆ ಅಂದದ್ದನ್ನ ಪಾನಾಕ್ಕ ಕೇಳಬ್ಯಾಡ.
ಇದು ಉಸ್ತಾದನ ಮಾತು.

ಗಂಜ್ ಹಿಂದಿನ ಪಂಪಣ್ಣನ ಅಕ್ಕಿ ಮಿಲ್ಲು.
ಬಾಯ್ಲರಿಗೆ ಅಂತ ವಾಲ್ವ್ ತಂದಿದ್ದ,
ಒಡದ ಹಡಗಿನ ಗುಜರಿದು, ಹಿತ್ತಾಳಿ, ಇಂಚಿಂದು,
ಕೈಯಾಗ ಹಿಡದರ ಕುರಿಮರಿ ತಲಿಯಷ್ಟು ಭಾರ.
ಉಸ್ತಾದ ನಮಾಜಿಗೆ ಹೋಗಿದ್ದ.
ಒಂದು ಸುತ್ತು ಏರಿತು. ಎರಡು. ಮೂರು.
ಬೆಣ್ಣಿಯಂಗ ಏರಿತು, ಖರೇ.
ಆಮ್ಯಾಲ ಹಿಡೀತು.
ಪಾನಾ ಹಾಕಿದೆ. ಪಾನಾದ ಹಿಡಿಕಿಗೆ ಉದ್ದನೆ ಪೈಪು ತೊಡಿಸಿದೆ.
ಹಮಾಲಿ ತಾಯಪ್ಪ ಚೀಲ ಇಳಿಸಿ ಬಂದು ಜೋತುಬಿದ್ದ.
ಕಿರ್ ಅಂತು.
ನನ್ನ ದವಡಿ ಹಲ್ಲಿನ ಬುಡಕ್ಕ ಕೇಳಿಸಿತು ಆ ಸಪ್ಪಳ.

ಉಸ್ತಾದ ಬಂದು ಬೈಲಿಲ್ಲ. ಬಿಚ್ಚಿದ.
ಕಿಸೆದಾಗಿಂದ ಬಾಚಣಿಕಿಯಂಥ ಗೇಜು ತಗದು
ಪೈಪಿಗೆ ಹಿಡಿದ, ಕೆಡದೆ ಉಳಿದ ಹಲ್ಲಿಗೆ. ಕುಂತಿತು. ಇಂಚಿಗೆ ಹನ್ನೊಂದು.
ವಾಲ್ವಿನ ಬಾಯೊಳಗ ಇಟ್ಟ. ಅಲ್ಲಾಡಿತು.
ಇನ್ನೊಂದು ಗೇಜು. ಹನ್ನೊಂದೂವರೆ.
"ಅಮೆರಿಕಾದ ಚೂಡಿ ಇದು.
ಪೂರಾ ಬ್ಯಾರೆ ಇದ್ದಿದ್ದರ ಮೊದಲನೆ ಸುತ್ತಿಗೇ ಹೇಳತಿತ್ತು.
ಅರ್ಧ ಚೂಡಿ ಫರಕು, ಬೇಟಿ. ಮೂರು ಸುತ್ತು ನಂಬಿಸ್ತು."

ಕೆಟ್ಟ ಮೂತಿ ಕೊಯ್ದು ಹೊಸಾ ಚೂಡಿ ಹಾಕೋದರಾಗ
ರಾತ್ರಿ ಒಂಬತ್ತು.
ನಡುವ ಒಂದು ಯೂನಿಯನ್ ಇಡಿಸಿದ ಉಸ್ತಾದ,
ಮುಂದ ಬರೋ ಯಾರೋ ಒಬ್ಬರು
ಇಡೀ ಲೈನ್ ಬಿಚ್ಚೋದು ತಪ್ಪಲಿ ಅಂತ.
ಆ ವಾಲ್ವ್ ಈಗ ಪಂಪಣ್ಣನ ಖಾತೆ ಬುಕ್ಕಿನ ಮ್ಯಾಲೆ ಕುಂತದ,
ಫ್ಯಾನಿನ ಗಾಳಿಗೆ ಹಾಳಿ ಹಾರಬಾರದಲ್ಲ.

ಮೊನ್ನೆ ತಂಗಿ ಕುಬಸ. ಎಲ್ಲಾರಿಗೂ ಹಸಿರು ಬಳಿ.
ಅವ್ವ ನನ್ನ ಕೈ ಹಿಡಿದು, ಹೆಬ್ಬೆರಳ ಬುಡ ಒತ್ತಿ,
ಏನೂ ಅನ್ನಲಿಲ್ಲ.
ಎರಡು-ನಾಲ್ಕು ಇದ್ದ ಕೈ. ಪಾನಾ ಹಿಡಿದು ಅಲ್ಲೊಂದು ಗಂಟು.
ಗೊತ್ತಾಗಿಯೂ ಎರಡು-ನಾಲ್ಕೇ ತಗೊಂಡಳು.
ಸಾಬೂನು ಹಚ್ಚಿದಳು. ಗೆಣ್ಣಿನ ತನಕ ಬಂತು.
ನಾ ಒತ್ತಾಕ ಹೋದೆ.
"ತಡಿ," ಅಂದಳು ಅವ್ವ,
ಮೆಲ್ಲಕ ಹಿಂದಕ್ಕ ತಗದು
ಪೆಟಿಗಿಯೊಳಗ ಎರಡು-ಆರು ಹುಡುಕುತ್ತ.